ಗಿರೀಂದ್ರಶೇಖರ ಬೋಸರ ಬಾಕಿ ಉಳಿದ ವಾದ

ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್ ತೀರಿಕೊಂಡದ್ದು 1953ರಲ್ಲಿ. ಅವರು ಪಾರ್ಸಿಬಾಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಕಟ್ಟಿದ ಭಾರತೀಯ ಮನೋವಿಶ್ಲೇಷಣಾ ಸಂಘಕ್ಕೆ 2022ರಲ್ಲಿ ನೂರು ತುಂಬಿತು. ಅವರ ಹೆಸರು ಬಂದಾಗಲೆಲ್ಲ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್‌ನನ್ನು ಭಾರತಕ್ಕೆ ಪರಿಚಯಿಸಿದವರು ಎಂದು ಹೇಳಿ ಮುಗಿಸಿಬಿಡುತ್ತೇವೆ. ಇದು ಅವರಿಗೆ ಮಾಡುವ ಅನ್ಯಾಯ.

1910ರಲ್ಲಿ ವೈದ್ಯ ಪದವಿ ಪಡೆದ ಬೋಸರು ಮೊದಮೊದಲು ಸಂಮೋಹನದಿಂದ ಮನೋರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ದಮನವನ್ನು ಕುರಿತ ಅವರ ಪ್ರಬಂಧ 1921ರಲ್ಲಿ ಪುಸ್ತಕವಾದಾಗ ಒಂದು ಪ್ರತಿಯನ್ನು ವಿಯೆನ್ನಾದಲ್ಲಿದ್ದ ಫ್ರಾಯ್ಡ್‌ಗೆ ಕಳಿಸಿದರು. ಅಲ್ಲಿಂದ ಶುರುವಾದ ಪತ್ರವ್ಯವಹಾರ 1937ರವರೆಗೂ ನಡೆಯಿತು. ಇಬ್ಬರೂ ಒಮ್ಮೆಯೂ ಮುಖಾಮುಖಿ ಆಗಲಿಲ್ಲ.

ಬೋಸರ ವಾದ ಇದು: ಮನಸ್ಸಿನಲ್ಲಿ ಪ್ರತಿಯೊಂದು ಬಯಕೆಯ ಜೊತೆಗೂ ಅದಕ್ಕೆ ವಿರುದ್ಧವಾದ ಬಯಕೆ ಇದ್ದೇ ಇರುತ್ತದೆ. ಹೊಡೆಯಬೇಕೆನ್ನುವವನೊಳಗೆ ಹೊಡೆಸಿಕೊಳ್ಳುವ ಆಸೆಯೂ ಅಡಗಿರುತ್ತದೆ. ಒಂದು ಮೇಲೆದ್ದಾಗ ಇನ್ನೊಂದು ಅದುಮಲ್ಪಡುತ್ತದೆ, ದಮನ ಎಂದರೆ ಅದೇ. ಹಾಗಾಗಿ ಅವರು ರೋಗಿಗೆ ಎರಡೂ ಕಡೆಯ ಪಾತ್ರವನ್ನು ಸರದಿಯಂತೆ ಕಲ್ಪಿಸಿಕೊಳ್ಳಲು ಹೇಳುತ್ತಿದ್ದರು. ಭಾರತೀಯ ಗಂಡಸರಲ್ಲಿ ಲಿಂಗಚ್ಛೇದದ ಭಯ ಯುರೋಪಿನವರಷ್ಟು ಢಾಳಾಗಿ ಕಾಣುವುದಿಲ್ಲ, ಹೆಣ್ಣಾಗುವ ಬಯಕೆ ಮಾತ್ರ ಸುಲಭವಾಗಿ ಹೊರಬರುತ್ತದೆ ಎಂದು 1929ರಲ್ಲಿ ಅವರು ಫ್ರಾಯ್ಡ್‌ಗೇ ಬರೆದರು. ತಂದೆ ಲಿಂಗಚ್ಛೇದ ಮಾಡಿಯಾನೆಂಬ ಭಯದಿಂದಲೇ ಮಗ ತಾಯಿಯ ಮೇಲಿನ ಬಯಕೆಯನ್ನು ಬಿಡುತ್ತಾನೆ ಎನ್ನುವ ಫ್ರಾಯ್ಡ್‌ನ ಈಡಿಪಸ್ ಸಿದ್ಧಾಂತದ ಬುಡಕ್ಕೇ ಕೈಹಾಕುವ ಮಾತಿದು. ವಿರುದ್ಧ ಬಯಕೆಗಳಿಗೆ ತಾನು ಸಾಕಷ್ಟು ಬೆಲೆ ಕೊಟ್ಟಿರಲಿಲ್ಲ ಎಂದು ಫ್ರಾಯ್ಡ್ ಒಪ್ಪಿದ. ಬೋಸರ ಸಿದ್ಧಾಂತವನ್ನು ಮಾತ್ರ ಒಪ್ಪಲಿಲ್ಲ.

1931ರಲ್ಲಿ ಫ್ರಾಯ್ಡ್‌ನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಸಂಘದವರು ದಂತದ ವಿಷ್ಣು ವಿಗ್ರಹವೊಂದನ್ನು ಕಳಿಸಿದರು. ತಲೆಯ ಮೇಲೆ ಹೆಡೆಯೆತ್ತಿದ ಅನಂತ. ಫ್ರಾಯ್ಡ್ ಅದನ್ನು ಬರೆಯುವ ಮೇಜಿನ ಮೇಲೇ ಇಟ್ಟುಕೊಂಡ, ಪರದೇಶಗಳಲ್ಲಿ ಮನೋವಿಶ್ಲೇಷಣೆ ಸಾಧಿಸಿದ ದಿಗ್ವಿಜಯದ ಗುರುತು ಎಂದು ಸಂತೋಷಪಟ್ಟ. ಅವನ ಪ್ರೀತಿ ನಿಜವಾದದ್ದೇ. ಆದರೆ ಕಲ್ಕತ್ತೆಯಿಂದ ಬಂದ ಕಾಣಿಕೆಯ ಮೇಲಿದ್ದಷ್ಟು ಗಮನ ಕಲ್ಕತ್ತೆಯಿಂದ ಬಂದ ವಾದದ ಮೇಲೆ ಇರಲಿಲ್ಲ ಎಂಬ ನೋವು ನನ್ನದು.

ತಪ್ಪು ವಿಯೆನ್ನಾದ್ದು ಮಾತ್ರ ಅಲ್ಲ. ಬೋಸರ ಶಿಷ್ಯರಲ್ಲಿ ಆ ಸಿದ್ಧಾಂತವನ್ನು ಪರೀಕ್ಷಿಸಿ, ತಿದ್ದಿ, ಬೆಳೆಸಿದವರು ವಿರಳ. ಸಂಘದ ಪ್ರಭಾವವೂ ಬಹುಮಟ್ಟಿಗೆ ಇಂಗ್ಲಿಷ್ ಕಲಿತ ಬಂಗಾಳಿ ಮಧ್ಯಮವರ್ಗದ ಆಚೆಗೆ ಹರಡಲಿಲ್ಲ. 1924ರಲ್ಲೇ ಮನಶ್ಶಾಸ್ತ್ರ ವಿಭಾಗ ತೆರೆದ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಮನೋವಿಶ್ಲೇಷಣೆ ಅಂಥ ಬೇರು ಬಿಡಲಿಲ್ಲ.

ಗಟ್ಟಿಯಾಗಿ ನಿಂತದ್ದು ಚಿಕಿತ್ಸೆಯ ಕೆಲಸ. 1933ರಲ್ಲಿ ಕಲ್ಕತ್ತೆಯ ಕಾರ್ಮೈಕೆಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಬೋಸರು ಮನೋರೋಗಿಗಳಿಗಾಗಿ ಹೊರರೋಗಿ ವಿಭಾಗ ತೆರೆದರು. ಹುಚ್ಚಾಸ್ಪತ್ರೆಯ ಗೋಡೆಯೊಳಗೆ ಕೂಡಿಹಾಕುವುದೇ ಚಿಕಿತ್ಸೆ ಎನ್ನುತ್ತಿದ್ದ ಕಾಲದಲ್ಲಿ, ಜ್ವರಕ್ಕೆ ಔಷಧಿ ಕೇಳಲು ಬರುವವರ ಜೊತೆಯಲ್ಲೇ ಮನಸ್ಸು ಕೆಟ್ಟವರೂ ಬಂದು ತೋರಿಸಿಕೊಂಡು ಸಂಜೆಗೆ ಮನೆಗೆ ಮರಳುವಂತಾಯಿತು. 1940ರಲ್ಲಿ ಅಣ್ಣ, ಬಂಗಾಳಿ ಸಾಹಿತಿ ರಾಜಶೇಖರ ಬಸು ಕೊಟ್ಟ ಮನೆಯಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ ಆರಂಭವಾಯಿತು.

ಭಾರತೀಯ ಮನಸ್ಸಿಗೆ ಯುರೋಪಿನ ಅಳತೆಗೋಲು ಸಾಕೇ ಎಂಬ ಬೋಸರ ಪ್ರಶ್ನೆಯನ್ನು ಮುಂದೆ ಮನೋವಿಶ್ಲೇಷಕ ಸುಧೀರ್ ಕಾಕರ್, ಚಿಂತಕ ಆಶಿಶ್ ನಂದಿ ತಮ್ಮ ತಮ್ಮ ರೀತಿಯಲ್ಲಿ ಎತ್ತಿಕೊಂಡರು. ವಿರುದ್ಧ ಬಯಕೆಗಳ ಸಿದ್ಧಾಂತವನ್ನು ಮಾತ್ರ ರೋಗಿಯ ಪಕ್ಕ ಕೂತು ಒರೆಗೆ ಹಚ್ಚುವ ಕೆಲಸ ಹಾಗೇ ಉಳಿದಿದೆ. ಮನೋವೈದ್ಯ ತರಬೇತಿ ಕೊಡುವ ನಮ್ಮ ಸಂಸ್ಥೆಗಳು ಫ್ರಾಯ್ಡ್ ಜೊತೆಗೆ ಬೋಸರ 1921ರ ಆ ಪುಸ್ತಕವನ್ನೂ ವಿದ್ಯಾರ್ಥಿಗಳ ಕೈಗಿಡಬೇಕು.