ತಲೆಗೆಷ್ಟು ಪಾರ್ಕು?

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ವೈದ್ಯರು ಮಾತ್ರೆ ಬರೆದುಕೊಟ್ಟು, ಜೊತೆಗೆ ಒಂದು ಮಾತನ್ನೂ ಹೇಳುತ್ತಾರೆ: ‘ದಿನಾ ಅರ್ಧ ಗಂಟೆ ನಡೆಯಿರಿ.’ ಮಾತ್ರೆ ಎಲ್ಲಿ ಸಿಗುತ್ತದೆಂದು ನಿಮಗೆ ಗೊತ್ತು. ಬೀದಿಯ ತಿರುವಿನಲ್ಲೇ ಔಷಧಿ ಅಂಗಡಿಯಿದೆ. ಆದರೆ ಆ ಅರ್ಧ ಗಂಟೆಯ ನಡಿಗೆ ಎಲ್ಲಿ ಸಿಗುತ್ತದೆ? ಕಾಲುದಾರಿಯ ಮೇಲೆ ಸ್ಕೂಟರುಗಳು ನಿಂತಿರುತ್ತವೆ. ಅವು ಇಲ್ಲದ ಕಡೆ ಚರಂಡಿಯ ಚಪ್ಪಡಿ ಬಾಯಿ ತೆರೆದಿರುತ್ತದೆ. ರಸ್ತೆಗಿಳಿದರೆ ವಾಹನಗಳ ಹೊಗೆ. ಎರಡು ವಾರ ಪ್ರಯತ್ನಿಸಿ, ಮೂರನೇ ವಾರ ಕೈಬಿಟ್ಟವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ಸೋಮಾರಿಗಳೆಂದು ಬೈಯುವುದು ಸುಲಭ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಹೊಸ್ತಿಲಲ್ಲಿರುವವರಿಗೆ ನಡಿಗೆಯೇ ಮೊದಲ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕು, ಮಕ್ಕಳಿಗೆ ದಿನಕ್ಕೆ ಒಂದು ಗಂಟೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಒಂದನೇ ತರಗತಿಗೇ ಕನ್ನಡಕ ಬಂತೆಂದು ಮೊಬೈಲನ್ನು ಶಪಿಸುವ ತಾಯಂದಿರು ಇದನ್ನು ಗಮನಿಸಬೇಕು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯಿದ್ದ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಬಂದವರು ಈ ಗುಂಪಿನಲ್ಲಿ ನೂರಕ್ಕೆ 30. ಎಂದಿನಂತೆ ಒಳಗೇ ಕುಳಿತವರಲ್ಲಿ ಸುಮಾರು 40. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಬಳಸಿದ ಔಷಧಿ ಹಗಲಿನ ಬೆಳಕು ಮತ್ತು ಬಯಲು, ಅಷ್ಟೇ.

ಬಯಲು ಔಷಧಿಯಾದರೆ ಅದಕ್ಕೆ ಪ್ರಮಾಣವೂ ಇರಬೇಕಲ್ಲವೇ? ಒಬ್ಬರಿಗೆ ಎಷ್ಟು ಪಾರ್ಕು ಬೇಕು? ಹೊಸ ಬಡಾವಣೆ ಎದ್ದಾಗ ಆ ಜಾಗವನ್ನು ಯಾರು ಕೊಡಬೇಕು? ಜಾಗ ಕೊಡಲಾಗದವರು ಎಷ್ಟು ಹಣ ಕಟ್ಟಬೇಕು? ಆರೋಗ್ಯದ ಅಂಕಣದಲ್ಲಿ ನಗರ ಯೋಜನೆಯ ಮಾತೇಕೆ ಎನ್ನಬೇಡಿ. ನಿಮ್ಮ ರಕ್ತದೊತ್ತಡದ ಒಂದಂಶ ಈ ಲೆಕ್ಕದಲ್ಲಿದೆ.

ಈ ಲೆಕ್ಕವನ್ನು ಅಮೆರಿಕದ ನಗರಗಳು ಬಹುಕಾಲದಿಂದ ಮಾಡುತ್ತಿವೆ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ ಹಿರಿಯರು ಊರಿಗೆ ಬಂದ ಮೇಲೆ ಅಲ್ಲಿನ ಪಾರ್ಕುಗಳನ್ನು ನೆನೆಯುವುದನ್ನು ನೀವು ಕೇಳಿರಬಹುದು. ಮೊಮ್ಮಗುವಿನ ತಳ್ಳುಗಾಡಿ ಹಿಡಿದು ಅವರು ಸುತ್ತು ಹಾಕಿದ ಅಂಥ ಹಸಿರು ಎಷ್ಟೋ ಕಡೆ ಯಾರ ದಾನವೂ ಅಲ್ಲ. ಅದು ಕಾನೂನಿನ ಲೆಕ್ಕದಿಂದ ಬಂದದ್ದು.

ಕ್ಯಾಲಿಫೋರ್ನಿಯಾದಲ್ಲಿ ಕ್ವಿಂಬಿ ಕಾಯ್ದೆ ಎಂಬುದೊಂದಿದೆ. 1965ರಲ್ಲಿ ಬಂದದ್ದು. ಜಮೀನನ್ನು ನಿವೇಶನಗಳಾಗಿ ಒಡೆದು ಮನೆ ಕಟ್ಟುವವರು ಪಾರ್ಕಿಗೆ ಜಾಗ ಕೊಡಬೇಕು, ಇಲ್ಲವೇ ಅದರ ಬೆಲೆ ಕಟ್ಟಬೇಕು ಎಂದು ನಗರಾಡಳಿತ ಕೇಳಲು ಈ ಕಾಯ್ದೆ ಅಧಿಕಾರ ಕೊಡುತ್ತದೆ. ಪ್ರಮಾಣ ಇಷ್ಟು: ಹೊಸದಾಗಿ ಬಂದು ನೆಲೆಸುವ 1,000 ಜನರಿಗೆ 3 ಎಕರೆ. ಊರಿನಲ್ಲಿ ಈಗಾಗಲೇ ಅದಕ್ಕಿಂತ ಹೆಚ್ಚು ಪಾರ್ಕು ಇದ್ದರೆ 5 ಎಕರೆಯವರೆಗೆ ಕೇಳಬಹುದು. ಮನೆಗೆ ಎಷ್ಟು ಜನ ಎಂಬುದನ್ನು ಜನಗಣತಿಯ ಅಂಕಿಗಳಿಂದ ತೆಗೆದುಕೊಳ್ಳುತ್ತಾರೆ.

ಕಾಗದ ಪೆನ್ಸಿಲು ತೆಗೆದುಕೊಳ್ಳಿ. 100 ಮನೆಗಳ ಬಡಾವಣೆ, ಮನೆಗೆ ಸರಾಸರಿ 3 ಜನ ಎಂದಿಟ್ಟುಕೊಳ್ಳೋಣ. ಒಟ್ಟು 300 ಜನ. ಸಾವಿರಕ್ಕೆ 3 ಎಕರೆಯಂತೆ 300 ಜನರಿಗೆ 0.9 ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 36 ಗುಂಟೆ. ಜಾಗ ಕೊಡದೆ ಹಣ ಕಟ್ಟುವುದಾದರೆ ಅಲ್ಲಿನ ಜಮೀನಿನ ಬೆಲೆಯಿಂದ ಇದನ್ನು ಗುಣಿಸಬೇಕು. ಎಕರೆಗೆ 20 ಲಕ್ಷ ಡಾಲರ್ ಎಂದು ಊಹಿಸಿದರೆ ಒಟ್ಟು 18 ಲಕ್ಷ, ಮನೆಯೊಂದಕ್ಕೆ 18,000 ಡಾಲರ್. ಕಟ್ಟುವವರು ಬಿಲ್ಡರ್ ಎಂದು ಕಾಗದ ಹೇಳುತ್ತದೆ. ಆದರೆ ಮನೆಯ ಬೆಲೆಯಲ್ಲಿ ಅದರ ಬಹುಪಾಲು ಸೇರಿ ಕೊನೆಗೆ ಕೊಳ್ಳುವವರ ತಲೆಗೇ ಬರುವ ಸಂಭವ ಹೆಚ್ಚು. ಅಲ್ಲಿ ಮನೆ ಕೊಂಡ ನಮ್ಮ ಹುಡುಗರ ಮಾಸಿಕ ಕಂತಿನಲ್ಲಿ ಈ ಪಾರ್ಕಿನ ಪಾಲೂ ಇರಬಹುದು.

ತಲೆಗೆ ಎಷ್ಟಾಯಿತು? ಸುಮಾರು 130 ಚದರಡಿ, ಹತ್ತಕ್ಕೆ ಹದಿಮೂರು ಅಡಿಯ ಒಂದು ಕೋಣೆ. ಮೀಟರಿನಲ್ಲಿ ಹೇಳಿದರೆ 12 ಚದರ ಮೀಟರು. ನಮ್ಮ ಕೇಂದ್ರ ಸರ್ಕಾರ 2014ರಲ್ಲಿ ಹೊರಡಿಸಿದ ನಗರ ಯೋಜನಾ ಮಾರ್ಗಸೂಚಿಯೂ ತಲೆಗೆ 10ರಿಂದ 12 ಚದರ ಮೀಟರು ತೆರೆದ ಜಾಗ ಇರಬೇಕೆನ್ನುತ್ತದೆ. ಅಂದರೆ ಗುರಿಯ ವಿಷಯದಲ್ಲಿ ನಮಗೂ ಅವರಿಗೂ ಜಗಳವೇ ಇಲ್ಲ!

ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಷರತ್ತಿದೆ. ವಸೂಲಾದ ಹಣ ಪಾರ್ಕಿಗೇ ಹೋಗಬೇಕು, ಅದೂ ಹೊಸದನ್ನು ಮಾಡುವುದಕ್ಕೆ ಅಥವಾ ಇರುವುದನ್ನು ಸುಧಾರಿಸುವುದಕ್ಕೆ. ಮಾಲಿಯ ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವಂತಿಲ್ಲ. ಹಣ ಬಂದ ಮೇಲೆ, ಅಥವಾ ಅರ್ಧದಷ್ಟು ನಿವೇಶನಗಳಿಗೆ ಮನೆ ಕಟ್ಟಲು ಪರವಾನಗಿ ಕೊಟ್ಟ ಮೇಲೆ, ಯಾವುದು ತಡವೋ ಅಲ್ಲಿಂದ ಐದು ವರ್ಷಗಳೊಳಗೆ ಇಂಥ ಕೆಲಸಕ್ಕೆಂದು ಅದನ್ನು ಗೊತ್ತುಮಾಡಬೇಕು. ಮಾಡದಿದ್ದರೆ ಆಗ ಆ ನಿವೇಶನಗಳ ಒಡೆಯರಾಗಿರುವವರಿಗೆ ಹಂಚಿ ಹಿಂತಿರುಗಿಸಬೇಕು. ಸರ್ಕಾರದ ತಿಜೋರಿಗೆ ಹೋದ ಹಣ ಮರಳಿ ಬರುವ ಮಾತು ನಮ್ಮ ಕಿವಿಗೆ ಹೊಸದು.

ಬಿಲ್ಡರುಗಳು ಸುಮ್ಮನಿರಲಿಲ್ಲ. ವಾಲ್‌ನಟ್ ಕ್ರೀಕ್ ಎಂಬ ನಗರದ ಮೇಲೆ ದಾವೆ ಹೂಡಿದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ನಗರದ ಪರವಾಗಿ ತೀರ್ಪಿತ್ತಿತು. ಮುಂದೆ ಆ ದೇಶದ ಸರ್ವೋಚ್ಚ ನ್ಯಾಯಾಲಯ ಮಾತ್ರ ಇಂಥ ವಸೂಲಿಗಳಿಗೆ ಒಂದು ಕಡಿವಾಣ ಹಾಕಿದೆ. ಆರೆಗಾನ್ ರಾಜ್ಯದ ಟಿಗಾರ್ಡ್ ನಗರದ ಪ್ರಕರಣದಲ್ಲಿ, 1994ರಲ್ಲಿ, ನೀವು ಕೇಳುವುದಕ್ಕೂ ಹೊಸ ಕಟ್ಟಡದಿಂದ ಊರಿಗಾಗುವ ಹೊರೆಗೂ ಹೆಚ್ಚುಕಡಿಮೆ ಹೊಂದಿಕೆ ಇರಬೇಕು ಎಂದಿತು. 2024ರ ಏಪ್ರಿಲ್‌ನಲ್ಲಿ ರಸ್ತೆ ಶುಲ್ಕದ ಬೇರೊಂದು ಪ್ರಕರಣದಲ್ಲಿ, ಶಾಸನದ ಮೂಲಕ ಎಲ್ಲರಿಗೂ ವಿಧಿಸಿದ ಶುಲ್ಕವೂ ಈ ಪರೀಕ್ಷೆಯಿಂದ ಹೊರತಲ್ಲ ಎಂದು ಒಮ್ಮತದಿಂದ ಹೇಳಿತು. ಇದು ಸರಿಯೆಂದೇ ನನ್ನ ಭಾವನೆ. ರೋಗಿಯ ತೂಕ ನೋಡದೆ ಔಷಧಿ ಬರೆಯಬಾರದು.

ಎಲ್ಲ ಕಡೆಯೂ ಹೀಗೆ ತಲೆ ಎಣಿಸುವುದಿಲ್ಲ. ಜಮೀನಿನಲ್ಲಿ ನೂರಕ್ಕೆ ಇಷ್ಟು ಎಂದು ಕೇಳುವ ಪದ್ಧತಿಯೂ ಇದೆ. ಮಿನ್ನೆಸೋಟ ರಾಜ್ಯದ ಬ್ಲೂಮಿಂಗ್‌ಟನ್ ನಗರ ಶೇಕಡಾ 10 ಕೇಳುತ್ತಿತ್ತು. 1976ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮದೂ ಇದೇ ದಾರಿ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಪಾರ್ಕು ಮತ್ತು ಆಟದ ಬಯಲಿಗೆ, ಅದಲ್ಲದೆ ಶೇಕಡಾ 10 ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಶೇಕಡಾ 15 ಎಂದರೆ ಉದಾರವೇ. ಆದರೆ ಈ ಪದ್ಧತಿಯೊಳಗೆ ಒಂದು ಹುಳುಕಿದೆ.

20 ಎಕರೆಯ ಬಡಾವಣೆಯೊಂದನ್ನು ಊಹಿಸಿಕೊಳ್ಳಿ. ಪಾರ್ಕಿಗೆ 3 ಎಕರೆ, ಸೌಲಭ್ಯಗಳಿಗೆ 2 ಎಕರೆ, ರಸ್ತೆಗಳಿಗೆ 5 ಎಕರೆ ಹೋದರೆ ಉಳಿದ 10 ಎಕರೆಯಲ್ಲಿ ಮೂವತ್ತಕ್ಕೆ ನಲವತ್ತರ ಸುಮಾರು 360 ನಿವೇಶನಗಳಾಗುತ್ತವೆ. ನಿವೇಶನಕ್ಕೊಂದು ಮನೆ, ಮನೆಗೆ ನಾಲ್ವರು ಎಂದರೆ 1,440 ಜನ. ತಲೆಗೆ 90 ಚದರಡಿ ಪಾರ್ಕು. ಪರವಾಗಿಲ್ಲ. ಆದರೆ ಹತ್ತು ವರ್ಷ ಬಿಟ್ಟು ಅದೇ ಬೀದಿಗೆ ಹೋಗಿ ನೋಡಿ. ನೆಲಮನೆಯ ಮೇಲೆ ಮೂರು ಅಂತಸ್ತು ಎದ್ದಿವೆ, ಅಂತಸ್ತಿಗೊಂದು ಬಾಡಿಗೆ ಸಂಸಾರ. ಜನ ನಾಲ್ಕು ಪಟ್ಟಾದರು, ಪಾರ್ಕು ಅಷ್ಟೇ ಉಳಿಯಿತು. ತಲೆಗೆ 22 ಚದರಡಿ ಸಿಕ್ಕಿತು. ಒಂದು ಚಾಪೆ ಹಾಸಿದರೆ ಮುಗಿಯಿತು! ಸಂಜೆ ಆ ಪಾರ್ಕಿನಲ್ಲಿ ಹಿರಿಯರಿಗೂ ಕ್ರಿಕೆಟ್ ಹುಡುಗರಿಗೂ ದಿನನಿತ್ಯ ಜಗಳವಾಗುವುದರಲ್ಲಿ ಆಶ್ಚರ್ಯವೇನಿದೆ? ‘ಇಲ್ಲಿ ಆಟವಾಡಬಾರದು’ ಎಂಬ ಬೋರ್ಡು ನೇತುಹಾಕುವವರು ನಡುವೆ ಸಿಕ್ಕಿಬಿದ್ದವರು.

ಹಾಗೆಂದು ಅಮೆರಿಕದ ಸೂತ್ರವನ್ನು ಹಾಗೇ ತಂದು ಹಚ್ಚಲಾಗದು. ಆ 20 ಎಕರೆಯಲ್ಲಿ 5,760 ಜನ ನೆಲೆಸಿದರೆ ಅವರ ಲೆಕ್ಕದಂತೆ 17 ಎಕರೆ ಪಾರ್ಕು ಬೇಕು. ಮನೆ ಎಲ್ಲಿ ಕಟ್ಟುವುದು? ನಮ್ಮಲ್ಲಿ ಜನ ದಟ್ಟ, ನೆಲ ಕಡಿಮೆ. ಆದರೆ ಅಂತಸ್ತು ಏರಿದಂತೆ ಪಾರ್ಕಿನ ಹೊಣೆಯೂ ಏರಬೇಕೆಂಬ ತತ್ವವನ್ನು ಮಾತ್ರ ನಾವು ಧಾರಾಳವಾಗಿ ತೆಗೆದುಕೊಳ್ಳಬಹುದು. ಮಹಡಿಗೆ ಪರವಾನಗಿ ಕೊಡುವಾಗ ನೀರು, ಒಳಚರಂಡಿ ನೆನಪಾಗುತ್ತದೆ. ಶ್ವಾಸಕೋಶವೂ ನೆನಪಾಗಲಿ.

ಜಾಗದ ಬದಲು ಹಣ ತೆಗೆದುಕೊಂಡರೇನು ಎಂಬ ಮಾತು ಇಲ್ಲಿಯೇ ಬರುತ್ತದೆ. ಒಂದೇ ನಿವೇಶನದಲ್ಲಿ ಎಂಟು ಮನೆ ಕಟ್ಟುವವರಿಂದ ನೆಲ ಕೇಳಿದರೆ ಸಿಗುವುದು ತುಳಸಿಕಟ್ಟೆಯಷ್ಟು ಜಾಗ. ಅಂಥ ಕಡೆ ಹಣವೇ ಸರಿ. ಕ್ವಿಂಬಿ ಕಾಯ್ದೆಯೂ 50 ಅಥವಾ ಅದಕ್ಕಿಂತ ಕಡಿಮೆ ನಿವೇಶನಗಳಿದ್ದರೆ ಸಾಮಾನ್ಯವಾಗಿ ಹಣ ಮಾತ್ರ ಕೇಳಬೇಕೆನ್ನುತ್ತದೆ. ಆದರೆ 50ಕ್ಕೂ ಹೆಚ್ಚು ಮನೆಗಳ ಅಪಾರ್ಟ್‌ಮೆಂಟ್ ಕಟ್ಟಿ ಮನೆಗಳನ್ನು ಬಿಡಿಯಾಗಿ ಮಾರುವವರಿಗೆ ಈ ರಿಯಾಯಿತಿ ಇಲ್ಲ. ದೊಡ್ಡ ಬಡಾವಣೆಯವರು ಮಾತ್ರ ನೆಲವನ್ನೇ ಕೊಡಬೇಕು, ಹಣ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಒಮ್ಮೆ ಮನೆಗಳು ಎದ್ದ ಮೇಲೆ ಆ ಆಸುಪಾಸಿನಲ್ಲಿ ಎಷ್ಟು ಹಣ ಹಿಡಿದು ಹೋದರೂ 36 ಗುಂಟೆ ಒಟ್ಟಾಗಿ ಸಿಗುವುದಿಲ್ಲ. ಹಣ ಪಡೆಯುವಲ್ಲಿಯೂ ಬೆಲೆ ಯಾವುದೆಂಬುದು ಮುಖ್ಯ. ಮಿನ್ನೆಸೋಟದ ಕಾನೂನು, ಬಡಾವಣೆಗೆ ಅಂತಿಮ ಒಪ್ಪಿಗೆ ದೊರೆಯುವ ಹೊತ್ತಿನ ನ್ಯಾಯವಾದ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯುತ್ತದೆ. ನೋಂದಣಿ ಕಚೇರಿಯ ಮಾರ್ಗಸೂಚಿ ದರ ಮಾರುಕಟ್ಟೆಗಿಂತ ಕೆಳಗಿರುವ ಕಡೆ, ಆ ದರದಲ್ಲಿ ವಸೂಲು ಮಾಡಿದ ಹಣಕ್ಕೆ ಅರ್ಧ ಪಾರ್ಕೂ ಬಾರದು.

ಇನ್ನು ದೂರ. ಊರ ಹೊರಗೆ ನೂರು ಎಕರೆ ಉದ್ಯಾನ ಮಾಡಿ ಲೆಕ್ಕ ಸರಿದೂಗಿಸಬಹುದು. ಆದರೆ ಮಂಡಿನೋವಿನ ಅಜ್ಜಿ ಬಸ್ಸು ಹತ್ತಿ ನಡಿಗೆಗೆ ಹೋಗುತ್ತಾಳೆಯೇ? ಅಡುಗೆಯ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡ ಗೃಹಿಣಿ ಹೋಗುತ್ತಾಳೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆ 2016ರಲ್ಲಿ ಸೂಚಿಸಿದ ಅಳತೆ ಹೀಗಿದೆ: ಮನೆಯಿಂದ 300 ಮೀಟರಿನೊಳಗೆ ಕನಿಷ್ಠ ಅರ್ಧ ಹೆಕ್ಟೇರು, ಅಂದರೆ ಸುಮಾರು ಒಂದೂಕಾಲು ಎಕರೆ ಹಸಿರು. ಐದು ನಿಮಿಷದ ನಡಿಗೆ. ಪಾರ್ಕಿನ ಹಣ ಎಲ್ಲಿ ಖರ್ಚಾಗಬೇಕೆಂಬುದಕ್ಕೆ ಈ ಐದು ನಿಮಿಷವೇ ಗಡಿಯಾಗಲಿ.

ಕೊಟ್ಟ ಪಾರ್ಕು ಪಾರ್ಕಾಗಿಯೇ ಉಳಿಯುತ್ತದೆಯೇ ಎಂಬುದು ಬೇರೆಯೇ ಕಥೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಆಸ್ಪತ್ರೆ ಒಳ್ಳೆಯದೇ ಅಲ್ಲವೇ ಎಂದು ಬಹಳ ಜನ ಕೇಳಿಯಾರು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ 1991ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಗಾಳಿ, ಬೆಳಕು, ಮಕ್ಕಳ ಆಟಕ್ಕೆ ಬಿಟ್ಟ ಜಾಗ ಎಲ್ಲರಿಗೂ ಸೇರಿದ್ದು, ಅದನ್ನು ಖಾಸಗಿ ನರ್ಸಿಂಗ್ ಹೋಮಿನಿಂದ ತುಂಬಲಾಗದು ಎಂಬುದು ಅದರ ಸಾರ. ಆಸ್ಪತ್ರೆ ಬೇಕು, ಸಂಶಯವಿಲ್ಲ. ಆದರೆ ಆಸ್ಪತ್ರೆಗೆ ಹೋಗುವವರ ಸಂಖ್ಯೆಯನ್ನು ತಗ್ಗಿಸುವ ಜಾಗವನ್ನು ಕಿತ್ತು ಅಲ್ಲೇ ಆಸ್ಪತ್ರೆ ಕಟ್ಟುವುದು ಎಂಥ ಚಿಕಿತ್ಸೆ? ಇಂದು ಬಿಡಿಎ ಕಾಯ್ದೆಯಲ್ಲೇ, ಪಾರ್ಕಿಗೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಆ ಮಾರಾಟ ಅಸಿಂಧು ಎಂಬ ಕಲಮಿದೆ. ಆದರೆ ದೂರು ಕೊಡುವವರು ಬೇಕು.

ನೀವು ನಿವೇಶನವನ್ನೋ ಫ್ಲ್ಯಾಟನ್ನೋ ಕೊಳ್ಳುವ ಯೋಚನೆಯಲ್ಲಿದ್ದರೆ ಬಣ್ಣದ ಕರಪತ್ರವನ್ನು ಬದಿಗಿಟ್ಟು ಮಂಜೂರಾದ ನಕ್ಷೆಯನ್ನೇ ಕೇಳಿ. ಪಾರ್ಕೆಂದು ಗುರುತಿಸಿದ ಭಾಗ ಎಷ್ಟು ಗುಂಟೆ, ಒಂದೇ ತುಂಡೋ ಅಥವಾ ಹೈಟೆನ್ಷನ್ ತಂತಿಯ ಕೆಳಗಿನ ಉದ್ದನೆಯ ಪಟ್ಟಿಯೋ ಎಂದು ನೋಡಿ. ಅದನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಆಮೇಲೆ ಜಾಗಕ್ಕೇ ಹೋಗಿ, ನಿಮ್ಮ ನಿವೇಶನದಿಂದ ಪಾರ್ಕಿನ ಗೇಟಿನವರೆಗೆ ಹೆಜ್ಜೆ ಎಣಿಸಿ. ನಾನೂರರೊಳಗಿದ್ದರೆ ಒಳ್ಳೆಯದು. ಎಣಿಸುವಾಗ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಐನೂರಾಗಬಹುದು, ನಡುವೆ ಒಂದು ದೊಡ್ಡ ರಸ್ತೆಯೂ ಅಡ್ಡ ಬರಬಹುದು.