ಕಡೆಯ ಪಂಕ್ತಿಯ ದಾನ

ನಮ್ಮ ಪರಿಚಿತರೊಬ್ಬರು ಒಂದು ವ್ರತ ಹಿಡಿದಿದ್ದಾರೆ. ಮನೆಯಲ್ಲಿ ಊಟದ ಖರ್ಚು ತಲೆಗೆ ದಿನವೊಂದಕ್ಕೆ 50 ರೂಪಾಯಿ ಮೀರಕೂಡದು. ಮಿಕ್ಕ ಹಣ ತಿಂಗಳ ಕೊನೆಗೆ ಬಡ ವಿದ್ಯಾರ್ಥಿಗಳ ನಿಲಯವೊಂದಕ್ಕೆ ಸಲ್ಲಬೇಕು. ಕೇಳಿದವರೆಲ್ಲ ತಲೆದೂಗುತ್ತಾರೆ. ನಾನೂ ತೂಗಿದೆ, ಅವರ ಮನೆಯಲ್ಲಿ ಒಂದು ಹೊತ್ತು ಉಂಡು ಬರುವ ತನಕ.

ಮೊದಲ ಪಂಕ್ತಿಯಲ್ಲಿ ಯಜಮಾನರು, ಮಕ್ಕಳು, ನಾನು. ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಸರಳವಾದರೂ ತೃಪ್ತಿಯ ಊಟ. ನಾವು ಎದ್ದ ಮೇಲೆ ಮನೆಯಾಕೆ ಕುಳಿತರು. ಪಲ್ಯದ ಬಾಣಲೆ ಆಗಲೇ ಬರಿದಾಗಿತ್ತು. ಸಾರು ಪಾತ್ರೆಗೆ ಅಂಟಿದಷ್ಟೆ. ಆಕೆ ಅನ್ನಕ್ಕೆ ನೀರುಮಜ್ಜಿಗೆ ಸುರಿದುಕೊಂಡು, ಉಪ್ಪಿನಕಾಯಿ ನಂಚಿಕೊಂಡು ಊಟ ಮುಗಿಸಿದರು. ಅದೇ ಹೊತ್ತಿಗೆ ಹಜಾರದಲ್ಲಿ ಯಜಮಾನರು ನನಗೆ ದಾನದ ರಸೀತಿಗಳನ್ನು ತೋರಿಸುತ್ತಿದ್ದರು. ಎಲ್ಲದರ ಮೇಲೂ ಅವರದೇ ಹೆಸರು.

ವಾಚಕರು ಮುನಿಯಬಾರದು. ದಾನವನ್ನು ಹಳಿಯುವುದಕ್ಕೆ ನಾನು ಹೊರಟಿಲ್ಲ. ಉಣ್ಣುವುದರಲ್ಲಿ ಉಳಿಸಿ ಕೊಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ವಾರಾನ್ನ ಉಂಡು ಓದಿ ಮೇಲೆ ಬಂದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಕೊಡುವ ಮುಷ್ಟಿ ಅಕ್ಕಿಯ ಪದ್ಧತಿಯೂ ನಮ್ಮದೇ. ಆದರೆ ನನ್ನ ಪ್ರಶ್ನೆ ಒಂದೇ: ಆ ಒಂದು ಹಿಡಿ ಯಾರ ತಟ್ಟೆಯಿಂದ ಬಂತು? ಮೊದಲು ಉಂಡವನಿಗೆ ಅದು ಕಡಿಮೆಯಾಗಲಿಲ್ಲ. ಪಾತ್ರೆಯಲ್ಲಿ ಕಡಿಮೆಯಾದದ್ದೆಲ್ಲ ಕಡೆಗೆ ಕುಳಿತವಳ ಪಾಲಿಗೆ ಬಂತು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂದು ಗಾದೆಯುಂಟು. ಇಲ್ಲಿ ಹೆಂಡತಿಯ ತುತ್ತನ್ನು ಗಂಡ ದಾನ ಮಾಡುತ್ತಿದ್ದಾನೆ.

1965ರಲ್ಲಿ, ಯುದ್ಧವೂ ಆಹಾರದ ಅಭಾವವೂ ಒಟ್ಟಿಗೆ ಬಂದಾಗ, ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿದರು. ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತಲಿಲ್ಲ. ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು. ಆ ವ್ರತದಲ್ಲಿ ಒಂದು ನ್ಯಾಯವಿತ್ತು. ಒಲೆ ಹೊತ್ತದಿದ್ದರೆ ಯಜಮಾನನಿಗೂ ಊಟವಿಲ್ಲ, ಮನೆಯಾಕೆಗೂ ಇಲ್ಲ. ಒಲೆ ಹೊತ್ತಿಸಿ ಬೇಳೆಯನ್ನು ಅರ್ಧ ಪಾವು ಇಳಿಸಿದರೆ ಆ ನ್ಯಾಯ ಉಳಿಯುವುದಿಲ್ಲ.

ಇದು ಒಂದು ಮನೆಯ ಮಾತೆಂದು ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಗಂಡಸರಲ್ಲಿ 25 ಮಂದಿಗೆ. ಇದಕ್ಕೆ ಕಾರಣಗಳು ಹಲವು, ಕಡೆಯ ಪಂಕ್ತಿಯೊಂದೇ ಅಲ್ಲ. ಆದರೂ ಮೊದಲೇ ರಕ್ತ ಸಾಲದವಳ ತಟ್ಟೆಯಿಂದ ಬೇಳೆ ಸೊಪ್ಪುಗಳನ್ನು ತೆಗೆದು ಪುಣ್ಯ ಗಳಿಸುವುದು ಯಾವ ಧರ್ಮ?

2011ರಲ್ಲಿ ಯೋಜನಾ ಆಯೋಗವು, ನಗರದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲವೆಂಬ ಲೆಕ್ಕವನ್ನು ಸುಪ್ರೀಂ ಕೋರ್ಟಿಗೆ ಸಲ್ಲಿಸಿತು. ಆಗ ದೇಶವೆಲ್ಲ ಕಿಡಿಕಾರಿತು. ದೆಹಲಿಯ ಮೇಜಿನ ಮೇಲೆ ಬರೆದಾಗ ಅನ್ಯಾಯವೆನಿಸಿದ ಲೆಕ್ಕ, ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನಾವೇ ಬರೆದಾಗ ತ್ಯಾಗವಾಗುವುದು ಹೇಗೆ?

“ಆಕೆಯೇ ಒಪ್ಪಿದ್ದಾಳಲ್ಲ!” ಎನ್ನುವಿರಿ. ನನಗೆ ಹಸಿವಿಲ್ಲ, ನೀವು ಉಣ್ಣಿ ಎಂಬ ಮಾತನ್ನು ನಮ್ಮ ತಾಯಂದಿರ ಬಾಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದನ್ನು ನಿಜವೆಂದು ನಂಬಿದ್ದು ನಮ್ಮ ಅನುಕೂಲಕ್ಕೆ. ಖಾಲಿ ಪಾತ್ರೆಯ ಮುಂದೆ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಆಕೆಯ ತಟ್ಟೆ ತುಂಬಿಸಿ, ಆಮೇಲೆ ಕೇಳಿ.

ಅಗ್ಗವಾಗಿ ಉಣ್ಣುವುದಕ್ಕೂ ಅರೆಹೊಟ್ಟೆ ಉಣ್ಣುವುದಕ್ಕೂ ಬಹಳ ಅಂತರವಿದೆ. ರಾಗಿಮುದ್ದೆ, ಹುರುಳಿಸಾರು, ಸೊಪ್ಪಿನ ಬಸ್ಸಾರು ಇವು ಬಡವರ ಮನೆಯ ಜಾಣ ಅಡುಗೆಗಳು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಇಂಥ ಊಟ ಎಲ್ಲರಿಗೂ ಹೊಟ್ಟೆ ತುಂಬ ದೊರೆಯಲಿ. ಉಳಿಸುವುದಕ್ಕೆ ಯಜಮಾನನ ಜೇಬು ಇದ್ದೇ ಇದೆ: ಕಚೇರಿಯ ಹಾದಿಯ ಮಸಾಲೆದೋಸೆ, ಮೂರನೆಯ ಸಲದ ಕಾಫಿ, ಭಾನುವಾರದ ಹೋಟೆಲು, ಮದುವೆಯ ಊಟದಲ್ಲಿ ಎಲೆಯ ಮೇಲೆ ಉಳಿದು ತಿಪ್ಪೆ ಸೇರುವ ಹೋಳಿಗೆ.

ನಮ್ಮ ಪರಿಚಿತರಿಗೂ ಅವರಂಥ ವ್ರತಧಾರಿಗಳಿಗೂ ನನ್ನ ಸಲಹೆ ಇಷ್ಟೆ. ಒಂದು ತಿಂಗಳು ನೀವೇ ಬಡಿಸಿ. ಎಲ್ಲರೂ ಎದ್ದ ಮೇಲೆ ನೀವು ಕುಳಿತು, ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣಿ. ಆಮೇಲೂ ವ್ರತ ನಡೆಸುವ ಮನಸ್ಸಿದ್ದರೆ ನಡೆಸಿ. ಆಗ ನಾನು ಮನಸಾರೆ ತಲೆದೂಗುತ್ತೇನೆ. ಅಲ್ಲಿಯವರೆಗೆ, ಆ ರಸೀತಿಗಳ ಮೇಲೆ ಮನೆಯಾಕೆಯ ಹೆಸರನ್ನಾದರೂ ಬರೆಸಿ. ಕೊಟ್ಟವರು ಅವರು.