38 ತಿಂಗಳ ದುಡಿಮೆಗೆ 14 ತಿಂಗಳ ಲೆಕ್ಕ

2025ರ ಆಗಸ್ಟ್ 5ರಂದು ಬೆಳಗಿನ ಆರು ಗಂಟೆಗೆ ರಾಜ್ಯದ ಸಾರಿಗೆ ನೌಕರರು ಸ್ಟೇರಿಂಗ್ ಬಿಟ್ಟು ಕೆಳಗಿಳಿದರು. ಮುಷ್ಕರಕ್ಕೆ ಹೈಕೋರ್ಟ್ ಹಿಂದಿನ ದಿನವೇ ತಾತ್ಕಾಲಿಕ ತಡೆ ಕೊಟ್ಟಿತ್ತು. ತಡೆ ಇದ್ದರೂ ಬಸ್ಸು ನಿಂತಾಗ ನ್ಯಾಯಾಲಯ ಗದರಿತು, ಅಂದೇ ಮುಷ್ಕರ ಮುಂದಕ್ಕೆ ಹೋಯಿತು, ಡಿಪೋಗಳ ಗೇಟು ತೆರೆದವು. ಮರುದಿನದ ಪತ್ರಿಕೆಗಳಲ್ಲಿ ಪ್ರಯಾಣಿಕರ ಪರದಾಟದ ಚಿತ್ರಗಳು ಬಂದವು. ಸವದತ್ತಿಯಿಂದ ಸಿರಸಂಗಿಗೆ, ರಾಮದುರ್ಗದಿಂದ ಬೈಲಹೊಂಗಲಕ್ಕೆ ಹೋಗುವವರು ಅಂಥ ದಿನಗಳಲ್ಲಿ ಟಂಟಂ, ಕ್ರೂಸರ್‌ಗಳಿಗೆ ಜೋತುಬಿದ್ದು ಕೇಳಿದಷ್ಟು ಕೊಟ್ಟು ಊರು ಸೇರಬೇಕಾಗುತ್ತದೆ. ಆ ಕಷ್ಟ ಸಣ್ಣದೇನಲ್ಲ. ಆದರೆ ಅದರ ಹಿಂದಿದ್ದ ಲೆಕ್ಕವನ್ನು ಕುಳಿತು ನೋಡಿದವರು ಕಡಿಮೆ. ಆ ಲೆಕ್ಕ ಇಲ್ಲಿದೆ.

ಸಾರಿಗೆ ನೌಕರರ ವೇತನ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕು. ಅದು ಲಾಗಾಯ್ತಿನಿಂದ ಬಂದ ಪದ್ಧತಿ. ಆ ಪ್ರಕಾರ 2020ರ ಜನವರಿ 1ರಿಂದ ಹೊಸ ವೇತನ ಬರಬೇಕಿತ್ತು. ಬಂದದ್ದು 2023ರ ಮಾರ್ಚ್ 1ರಿಂದ, ಮೂಲವೇತನದ ಮೇಲೆ ಶೇ 15. ನಡುವೆ ಕಳೆದ 38 ತಿಂಗಳ ಹಿಂಬಾಕಿ ಸುಮಾರು 1,800 ಕೋಟಿ ರೂಪಾಯಿ. ನೌಕರರು ಕೇಳಿದ್ದು ಇದನ್ನು, ಜೊತೆಗೆ 2024ರ ಜನವರಿ 1ರಿಂದ ಆಗಬೇಕಿದ್ದ ಮುಂದಿನ ಪರಿಷ್ಕರಣೆಯನ್ನು. ಮುಷ್ಕರದ ಹಿಂದಿನ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಘಗಳನ್ನು ಕರೆಸಿ ಮಾತನಾಡಿದಾಗ ಸರ್ಕಾರ ಒಪ್ಪಿದ್ದು 14 ತಿಂಗಳ ಹಿಂಬಾಕಿಗೆ, 718 ಕೋಟಿ ರೂಪಾಯಿಗೆ. ನಿವೃತ್ತ ಐಎಎಸ್ ಅಧಿಕಾರಿ ಶ್ರೀನಿವಾಸಮೂರ್ತಿ ಅವರ ಏಕಸದಸ್ಯ ಸಮಿತಿ ಹಾಗೆ ಹೇಳಿದೆ ಎಂಬುದು ಸರ್ಕಾರದ ಆಧಾರ.

ಕೋಟಿಗಳಲ್ಲಿ ಹೇಳಿದರೆ ಇದು ಯಾರ ಮನೆಯ ಮಾತೂ ಆಗುವುದಿಲ್ಲ. ಒಬ್ಬ ಕಂಡಕ್ಟರ್‌ನ ಮೂಲವೇತನ 25,000 ರೂಪಾಯಿ ಎಂದು ಹಿಡಿಯೋಣ. ಶೇ 15 ಎಂದರೆ ತಿಂಗಳಿಗೆ 3,750. ತುಟ್ಟಿಭತ್ಯೆಯ ಗೊಡವೆ ಬಿಟ್ಟರೂ 38 ತಿಂಗಳಿಗೆ 1,42,500 ರೂಪಾಯಿ. 14 ತಿಂಗಳಿಗಾದರೆ 52,500. ವ್ಯತ್ಯಾಸ 90,000. ಮಗಳ ಡಿಪ್ಲೊಮಾ ಫೀಸು, ಸೊಸೈಟಿ ಸಾಲದ ಕಂತು, ಸೋರುವ ಮನೆಯ ತಗಡು ಎಲ್ಲವೂ ಆ 90,000ದೊಳಗೆ ಇವೆ. ಈ ಹಣವನ್ನು ಆತ ಬೋನಸ್ಸಾಗಿ ಕೇಳುತ್ತಿಲ್ಲ. ಟಿಕೆಟ್ ಹರಿದು, ಟ್ರಿಪ್‌ಶೀಟ್ ಬರೆದು, ಡಿಪೋಗೆ ಹಣ ಕಟ್ಟಿ ಮುಗಿಸಿದ ಡ್ಯೂಟಿಯ ಹಣ ಅದು. ಆ 38 ತಿಂಗಳ ನಡುವೆಯೇ ಕೊರೊನಾ ಬಂದಿತ್ತು. ಬಸ್ಸು ಓಡದ ತಿಂಗಳುಗಳಲ್ಲೂ ಸರ್ಕಾರ ಸಂಬಳಕ್ಕೆ ಹಣ ಹೊಂದಿಸಿದ್ದು ನಿಜ, ಅದನ್ನು ಮರೆಯಬಾರದು. ಆದರೆ ಹಳೆಯ ದರದ ಸಂಬಳ ಕೊಟ್ಟಿದ್ದಕ್ಕೆ ಹೊಸ ದರದ ಬಾಕಿ ಮನ್ನಾ ಆಗುವುದಿಲ್ಲ.

ಕಡಿಮೆ ಕೊಡುವುದು ಒಂದು ಅನ್ಯಾಯ. ತಡವಾಗಿ ಕೊಡುವುದು ಅದಕ್ಕಿಂತ ದೊಡ್ಡದು, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಶೇ 15 ಎಂದು ಘೋಷಿಸಿದ ದಿನ ಎಲ್ಲರಿಗೂ ಶೇ 15 ಕಾಣುತ್ತದೆ, ಕಳೆದುಹೋದ ಮೂರು ವರ್ಷ ಎರಡು ತಿಂಗಳು ಯಾರಿಗೂ ಕಾಣುವುದಿಲ್ಲ. ಸರ್ಕಾರಗಳು ಬದಲಾದರೂ ಈ ಚಾಳಿ ಬದಲಾಗಿಲ್ಲ. ಒಂದು ಸರ್ಕಾರ ಬಾಕಿ ಉಳಿಸುತ್ತದೆ, ಇನ್ನೊಂದು ಅದು ಹಿಂದಿನವರ ಬಾಕಿ ಎನ್ನುತ್ತದೆ. ನಿಗಮ ಮಾತ್ರ ಅದೇ, ಬಸ್ಸೂ ಅದೇ, ಓಡಿಸಿದವನೂ ಅವನೇ.

ಹತ್ತು ವರ್ಷದ ಚರಿತ್ರೆ ಇದನ್ನೇ ಹೇಳುತ್ತದೆ. 2016ರ ಜುಲೈನಲ್ಲಿ ನೌಕರರು ಶೇ 35 ಕೇಳಿದರು. ಸರ್ಕಾರ ಶೇ 8ರಿಂದ ಶುರು ಮಾಡಿ 10ಕ್ಕೆ ನಿಂತಿತು. ಮೂರು ದಿನ ಬಸ್ಸು ನಿಂತ ಮೇಲೆ 12.5ಕ್ಕೆ ಇತ್ಯರ್ಥವಾಯಿತು. ಆ ಎರಡೂವರೆ ಪರ್ಸೆಂಟಿಗಾಗಿ ಲಕ್ಷಾಂತರ ಜನ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕೂರಬೇಕಿತ್ತೇ? ಕೊನೆಗೆ ಕೊಡುವುದನ್ನು ಮೊದಲೇ ಕೊಟ್ಟಿದ್ದರೆ ಮುಷ್ಕರವೇ ಇರುತ್ತಿರಲಿಲ್ಲ. ಮೂಗಿಗೆ ತುಪ್ಪ ಸವರುವ ಮೊದಲ ಆಫರ್ ಎಂದರೆ ಮುಷ್ಕರಕ್ಕೆ ಕೊಟ್ಟ ವೀಳ್ಯ ಎಂಬುದು ಸಚಿವಾಲಯಕ್ಕೆ ಇಷ್ಟು ವರ್ಷದಲ್ಲಿ ಗೊತ್ತಾಗಿರಬೇಕು.

2020ರ ಡಿಸೆಂಬರ್‌ನಲ್ಲಿ ಬಸ್ಸು ಮತ್ತೆ ನಿಂತಿತು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂಬುದು ಆಗಿನ ಮೊದಲ ಬೇಡಿಕೆ. ಅದೊಂದನ್ನು ಬಿಟ್ಟು ಉಳಿದ ಒಂಬತ್ತಕ್ಕೆ ಸರ್ಕಾರ ಒಪ್ಪಿತು. ಆರನೇ ವೇತನ ಆಯೋಗಕ್ಕೆ ಸಮನಾದ ಸಂಬಳದ ಮಾತು ಅದರಲ್ಲಿ ಸೇರಿತ್ತು. ಮುಂದಿನ ಏಪ್ರಿಲ್ ಹೊತ್ತಿಗೆ ಅದು ಸಾಧ್ಯವೇ ಇಲ್ಲ, ಶೇ 8ರ ಮಧ್ಯಂತರ ಪರಿಹಾರ ಮಾತ್ರ ಎಂಬ ಮಾತು ಬಂತು. 2021ರ ಏಪ್ರಿಲ್ 7ರಿಂದ ಎರಡು ವಾರ ಬಸ್ಸು ನಿಂತವು. ಆಗ ಸಾರಿಗೆ ಸಚಿವರಾಗಿದ್ದವರು ನಮ್ಮದೇ ಬೆಳಗಾವಿ ಜಿಲ್ಲೆಯ ಲಕ್ಷ್ಮಣ ಸವದಿ. ಏಪ್ರಿಲ್ 17ಕ್ಕೆ ಬೆಳಗಾವಿ ಲೋಕಸಭಾ ಉಪಚುನಾವಣೆ ಇತ್ತು. ನೌಕರರ ಕೂಟದ ಗೌರವಾಧ್ಯಕ್ಷರಾಗಿದ್ದ ಕೋಡಿಹಳ್ಳಿ ಚಂದ್ರಶೇಖರ್ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದೂ ಬೆಳಗಾವಿಯಲ್ಲೇ.

ಆ ವರ್ಷದ ಯುಗಾದಿ ಏಪ್ರಿಲ್ 13ಕ್ಕೆ ಬಿತ್ತು. ಸಿರಸಂಗಿಗೆ ಯುಗಾದಿ ಎಂದರೆ ಬರೀ ಬೇವು ಬೆಲ್ಲವಲ್ಲ, ಕಾಳಿಕಾದೇವಿಯ ಜಾತ್ರೆಯ ಹೊತ್ತು. ಯಾವ ವರ್ಷವೇ ಆಗಲಿ ವಿಶ್ವಕರ್ಮ ಸಮಾಜದವರು ದೂರದೂರಿಂದ ಬರುವ, ಸುತ್ತಿನ ರೈತರು ಹೊಸ ಬೆಳೆಯ ಲೆಕ್ಕ ಹಾಕುವ, ಡಿಪೋಗಳು ಹೆಚ್ಚುವರಿ ಬಸ್ಸು ಬಿಡುವ ದಿನಗಳು ಅವು. 2021ರಲ್ಲಿ ಅದೇ ಹೊತ್ತಿಗೆ ಸಂಬಳ ಕೈಗೆ ಬಾರದ ಸಾರಿಗೆ ಕುಟುಂಬಗಳು ತಟ್ಟೆ ಲೋಟ ಬಡಿಯುತ್ತ ಸರ್ಕಾರಿ ಕಚೇರಿಗಳ ಮುಂದೆ ನಿಂತಿದ್ದವು. ಹೋಳಿಗೆ ಮಾಡಬೇಕಾದ ಮನೆಯ ಹೆಂಗಸರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಬೀದಿಯಲ್ಲಿ ತಾಟು ಬಡಿದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕೊನೆಗೆ ನೌಕರರು ಹೈಕೋರ್ಟ್ ಮಾತಿಗೆ ಮಣಿದು, ಕೊರೊನಾದ ಎರಡನೇ ಅಲೆಯ ನಡುವೆ ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ವಜಾ, ಅಮಾನತು, ವರ್ಗಾವಣೆಗಳ ಪಟ್ಟಿ ಮಾತ್ರ ಬಹುಕಾಲ ಬೆನ್ನು ಬಿಡಲಿಲ್ಲ.

ನೌಕರರ ಪಕ್ಷ ವಹಿಸಿ ಬರೆಯುವಾಗ ಒಂದು ಮಾತನ್ನು ನುಂಗಿಕೊಳ್ಳಲಾಗದು. ಆ ಮುಷ್ಕರದ ದಿನಗಳಲ್ಲಿ ಜಮಖಂಡಿ ಬಳಿ ಡ್ಯೂಟಿಗೆ ಬಂದಿದ್ದ ಚಾಲಕರೊಬ್ಬರು ಬಸ್ಸಿಗೆ ಬಿದ್ದ ಕಲ್ಲಿನ ಏಟಿಗೆ ಪ್ರಾಣ ಬಿಟ್ಟರು. ನಿವೃತ್ತಿಯ ಅಂಚಿನಲ್ಲಿದ್ದವರು. ಮನೆಯ ಕಷ್ಟ ತಾಳದೆ ಕೆಲಸಕ್ಕೆ ಹೋದವನೂ ಅದೇ ಖಾಕಿಯವನು, ಅದೇ ಶೇ 8ರ ಆಫರ್ ಕೇಳಿಸಿಕೊಂಡವನು. ಅವನ ಮೇಲೆ ಕಲ್ಲೆತ್ತಿದ ಕೈ ಯಾವ ಹೋರಾಟದ ಕೈಯೂ ಅಲ್ಲ. ಸಂಘಗಳು ಜಂಟಿ ಕ್ರಿಯಾ ಸಮಿತಿ ಒಂದು ಕಡೆ, ಒಕ್ಕೂಟ ಇನ್ನೊಂದು ಕಡೆ ಎಂದು ಹಂಚಿಹೋಗಿರುವುದೂ ಸರ್ಕಾರಕ್ಕೇ ಅನುಕೂಲ. ಒಬ್ಬರು ಹಿಂಬಾಕಿ ಎನ್ನುತ್ತಾರೆ, ಇನ್ನೊಬ್ಬರು ಸರಿಸಮಾನ ವೇತನ ಎನ್ನುತ್ತಾರೆ. ಎದುರು ಕುಳಿತವರು ಯಾರಿಗೂ ಪೂರ್ತಿ ಉತ್ತರ ಕೊಡಬೇಕಾಗಿಲ್ಲ.

ಇನ್ನು 2023. ಮಾರ್ಚ್ 1ರಂದು ಸರ್ಕಾರಿ ನೌಕರರು ಮುಷ್ಕರಕ್ಕಿಳಿದರು. ಅಂದೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಮುಂದೆ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಅವರಿಗೆ ಸಿಕ್ಕಿದ್ದು ನ್ಯಾಯವೇ, ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಸಾರಿಗೆ ನೌಕರರ ಶೇ 15 ಬಂದದ್ದೂ ಅದೇ ಮಾರ್ಚ್‌ನಲ್ಲಿ, ಅದೂ ಅವರು ಮುಷ್ಕರದ ನೋಟಿಸು ಕೊಟ್ಟ ಮೇಲೆ, ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ. ಒಪ್ಪಂದದ ಕ್ಯಾಲೆಂಡರ್ ಕೇಳದ್ದನ್ನು ಚುನಾವಣೆಯ ಕ್ಯಾಲೆಂಡರ್ ಕೇಳಿತು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂದು ಡಿಪೋದಲ್ಲಿ ಮಾತಾಡಿಕೊಳ್ಳುವವರನ್ನು ತಪ್ಪು ಎನ್ನಲು ಬರುವುದಿಲ್ಲ.

ಸರ್ಕಾರದ ಉತ್ತರ ಗೊತ್ತಿರುವುದೇ: ನಿಗಮಗಳು ನಷ್ಟದಲ್ಲಿವೆ. ನಷ್ಟದ ಮೂಲ ಎಲ್ಲಿದೆ ಎಂದು ಕೇಳಬೇಕು. ಟಿಕೆಟ್ ದರ ಯಾವಾಗ ಏರಬೇಕು ಎಂಬುದನ್ನು ಚಾಲಕ ತೀರ್ಮಾನಿಸುವುದಿಲ್ಲ. ಜನ ಸಾಲದ ಹಳ್ಳಿಗೂ ಬಸ್ಸು ಹೋಗಲೇಬೇಕು ಎಂಬುದು ಸರ್ಕಾರದ ನೀತಿ, ಅದು ಒಳ್ಳೆಯ ನೀತಿ. ವಿದ್ಯಾರ್ಥಿಗಳ ರಿಯಾಯಿತಿ ಪಾಸು, 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ, ಇವೂ ಸರ್ಕಾರದ ತೀರ್ಮಾನಗಳೇ. ಶಕ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಬರುವ ಬಡ ಹೆಣ್ಣುಮಕ್ಕಳ ಸಂಖ್ಯೆ ಎಷ್ಟು ಹೆಚ್ಚಿದೆ ಎಂದು ಸವದತ್ತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಯೋಜನೆ ಇರಲಿ, ಬೆಳೆಯಲಿ. ಆದರೆ ಅದರ ಭಾರ ಕಂಡಕ್ಟರ್‌ನ ಹೆಗಲಿಗೆ ಹೇಗೆ ಬಿದ್ದಿದೆ ಎಂದು ನೋಡಿ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಅವನು ಪ್ರತಿ ಹೆಣ್ಣುಮಗಳ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಡಬೇಕು, ಏಕೆಂದರೆ ಆ ಟಿಕೆಟ್ಟಿನ ಮೇಲೆಯೇ ನಿಗಮ ಸರ್ಕಾರದಿಂದ ಹಣ ಕೇಳುವುದು. ಮುಂದಿನ ಸ್ಟಾಪು ಬರುವುದರೊಳಗೆ ಒಬ್ಬರು ತಪ್ಪಿಹೋಗಿ, ಅಷ್ಟರಲ್ಲಿ ತಪಾಸಣೆಯವರು ಹತ್ತಿದರೆ ಮೆಮೋ ಅವನಿಗೇ. ಹೀಗೆ ಒಂದೊಂದು ಚೀಟಿಯ ಲೆಕ್ಕವನ್ನೂ ಅವನಿಂದ ಪಡೆಯುವ ಸರ್ಕಾರ, ತಾನು ನಿಗಮಕ್ಕೆ ಕೊಡಬೇಕಾದ ಹಣದಲ್ಲಿ ಬಾಕಿ ಇಡುತ್ತದೆ.

ಫಲ ಏನಾಯಿತು? 2025ರ ಜನವರಿಯ ಹೊತ್ತಿಗೆ ಭವಿಷ್ಯನಿಧಿ ಮತ್ತು ಡೀಸೆಲ್ ಬಾಕಿ ತೀರಿಸಲು ನಾಲ್ಕೂ ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. ಅದರಲ್ಲಿ ಅತಿ ದೊಡ್ಡ ಪಾಲು, 646 ಕೋಟಿ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಸಾರಿಗೆಯದು. ಅದೇ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತು. ಗಂಡಸರು ಹೆಚ್ಚು ದರ ಕೊಟ್ಟರು, ನಿಗಮ ಸಾಲ ಮಾಡಿತು, ದುಡಿದವನ ಭವಿಷ್ಯನಿಧಿಯೇ ಬಾಕಿಯಲ್ಲಿತ್ತು. ಇಷ್ಟಾದ ಮೇಲೆ ಅವನು 38 ತಿಂಗಳ ಬಾಕಿ ಕೇಳಿದರೆ ಅವನೇ ಜನರಿಗೆ ತೊಂದರೆ ಕೊಡುವವನಾದ.

ಕಾನೂನೂ ಇಲ್ಲಿ ಒಂದೇ ಕಡೆ ವಾಲಿದೆ. ಸಾರಿಗೆಯಂತಹ ಸಾರ್ವಜನಿಕ ಸೇವೆಯಲ್ಲಿ ನೋಟಿಸಿಲ್ಲದೆ, 14 ದಿನ ಕಾಯದೆ ಮುಷ್ಕರ ಮಾಡುವಂತಿಲ್ಲ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದೆ. ಸಂಧಾನ ನಡೆಯುತ್ತಿದ್ದರೆ ಮುಷ್ಕರವಿಲ್ಲ. ಮೇಲೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ, ಎಸ್ಮಾ ಇದೆ. ಜನಸೇವೆ ನಿಲ್ಲಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ವೇತನ ಒಪ್ಪಂದದ ಅವಧಿ ಮುಗಿದ ಮೇಲೆ ಇಂತಿಷ್ಟು ದಿನದೊಳಗೆ ಹೊಸ ಒಪ್ಪಂದ ಮಾಡಲೇಬೇಕು ಎಂದು ಆಡಳಿತವನ್ನು ಕಟ್ಟಿಹಾಕುವ ಒಂದು ಸಾಲೂ ಇಲ್ಲ. ನೌಕರ 14 ದಿನ ಕಾಯಬೇಕು, ಸರ್ಕಾರ 38 ತಿಂಗಳು ಕಾಯಿಸಬಹುದು. ಹೈಕೋರ್ಟ್ ಮುಷ್ಕರ ನಿಲ್ಲಿಸಿದ್ದು ಪ್ರಯಾಣಿಕರ ಹಿತಕ್ಕೆ. ಅದೇ ಪ್ರಯಾಣಿಕರ ಹಿತಕ್ಕೆ, ಬಾಕಿಯ ಇತ್ಯರ್ಥಕ್ಕೂ ಒಂದು ಗಡುವು ಬೇಕಿತ್ತು.

ವಸ್ತಿ ಬಸ್ಸಿನ ಬಗ್ಗೆ ಒಂದು ಮಾತು ಹೇಳಬೇಕು. ರಾತ್ರಿ ಕೊನೆಯ ಟ್ರಿಪ್ಪಿಗೆ ಹಳ್ಳಿಗೆ ಬಂದು ಅಲ್ಲೇ ಉಳಿದು ಬೆಳಗಿನ ಜಾವ ಹೊರಡುವ ಬಸ್ಸು ಅದು. ಚಾಲಕ, ನಿರ್ವಾಹಕ ಇಬ್ಬರೂ ಸೊಳ್ಳೆಪರದೆ ಕಟ್ಟಿಕೊಂಡು ಸೀಟಿನ ಮೇಲೋ ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಸ್ನಾನಕ್ಕೆ ಊರವರು ಕೊಟ್ಟ ಬಿಸಿನೀರು ಸಿಕ್ಕರೆ ಪುಣ್ಯ. ನಸುಕಿನಲ್ಲಿ ಕಾಯಿಪಲ್ಲೆಯ ಬುಟ್ಟಿ, ಹಾಲಿನ ಕ್ಯಾನು, ಆಸ್ಪತ್ರೆಗೆ ಹೊರಟ ಮುದುಕಿ, ಕಾಲೇಜಿನ ಹುಡುಗಿಯರು ಎಲ್ಲರನ್ನೂ ತುಂಬಿಕೊಂಡು ತಾಲ್ಲೂಕು ಮುಟ್ಟಿಸುತ್ತಾರೆ. ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದ ತ್ಯಾಗವೀರ ಲಿಂಗರಾಜ ದೇಸಾಯಿ ಅವರ ಊರು ಸಿರಸಂಗಿ. ಈ ಸೀಮೆಯ ಹೆಣ್ಣುಮಕ್ಕಳು ಹತ್ತನೆಯ ತರಗತಿಯ ಮೇಲೆ ಓದುತ್ತಿದ್ದರೆ ಅದರಲ್ಲಿ ನಸುಕಿನ ಕೆಂಪು ಬಸ್ಸಿನ ಪಾಲು ದೊಡ್ಡದು. ಬಸ್ಸು ನಿಂತ ದಿನ ಮೊದಲು ಮನೆಯಲ್ಲಿ ಉಳಿಯುವವರೂ ಅವರೇ. ಅವರ ಅಪ್ಪಂದಿರ ಸಿಟ್ಟು ಎದುರಿಗೆ ಸಿಕ್ಕ ಕಂಡಕ್ಟರ್‌ನ ಮೇಲೆ ತಿರುಗುತ್ತದೆ. ತಿರುಗಬೇಕಾದದ್ದು ಮೂರು ವರ್ಷ ಕಡತ ಕೆಳಗಿಟ್ಟುಕೊಂಡವರ ಮೇಲೆ.

ಆಗಬೇಕಾದದ್ದು ದೊಡ್ಡ ಆದರ್ಶವೇನಲ್ಲ. 38 ತಿಂಗಳ ಬಾಕಿಯನ್ನು ಒಪ್ಪಿಕೊಂಡು ಕಂತಿನಲ್ಲಾದರೂ ಕೊಡಬೇಕು. ಒಮ್ಮೆಲೇ ಹಣವಿಲ್ಲ ಎಂಬ ಮಾತನ್ನು ನೌಕರ ಅರ್ಥ ಮಾಡಿಕೊಂಡಾನು, ಬಾಕಿಯೇ ಇಲ್ಲ ಎಂಬ ಮಾತನ್ನಲ್ಲ. ಶಕ್ತಿಯ ಹಣ ಆಯಾ ತಿಂಗಳೇ ನಿಗಮದ ಖಾತೆಗೆ ಸೇರಬೇಕು. ಒಪ್ಪಂದದ ಅವಧಿ ಮುಗಿದ ದಿನದಿಂದಲೇ ಮಧ್ಯಂತರ ಪರಿಹಾರ ತಾನಾಗಿ ಶುರುವಾಗಬೇಕು, ಮಾತುಕತೆ ಆಮೇಲೆ ಎಷ್ಟು ದಿನ ಬೇಕಾದರೂ ನಡೆಯಲಿ. ನಾಲ್ಕು ವರ್ಷದ ಲೆಕ್ಕ ಹಿಡಿದರೆ 2024ರ ನಂತರದ ಗಡುವು 2028ರ ಜನವರಿ 1, ವಿಧಾನಸಭಾ ಚುನಾವಣೆಗೆ ನಾಲ್ಕೈದು ತಿಂಗಳ ಮೊದಲು. ಆಗ ಮತ್ತೆ ನೋಟಿಸು, ಮತ್ತೆ ಎಸ್ಮಾ, ಮತ್ತೆ ಹೊಸ್ತಿಲ ಮೇಲಿನ ಘೋಷಣೆ ಬೇಡವಾದರೆ, ಆ ಪರಿಷ್ಕರಣೆಯ ಹಣ 2027ರ ಮಾರ್ಚ್‌ನ ಬಜೆಟ್‌ನಲ್ಲೇ ಪ್ರತ್ಯೇಕ ಶೀರ್ಷಿಕೆಯಡಿ ಕಾಣಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಸಕರು ಸದನದಲ್ಲಿ ಅದನ್ನು ಕೇಳಲಿ.